ಉಗುರು ಕತ್ತರಿಸಲು ಬಂದ ಬೆಕ್ಕು

ಮೈಸೂರು, 19 ಜುಲೈ 2024, ಶುಕ್ರವಾರ

ಆಷಾಢ ಶುಕ್ರವಾರವಾದ್ದರಿಂದ ಊರಿಗೆ ಊರೇ ಬೆಟ್ಟದ ಕಡೆ ಮುಖ ಮಾಡಿತ್ತು. ಹನ್ನೊಂದು ಗಂಟೆಯವರೆಗೆ ಕ್ಲಿನಿಕ್ಕಿಗೆ ಬಂದದ್ದು ಒಂದೇ ಬೆಕ್ಕು. ಬಿಡುವಿದ್ದುದರಿಂದಲೇ ಅದನ್ನು ಸರಿಯಾಗಿ ನೋಡಿದೆನೆಂದು ಬರೆಯಲು ನಾಚಿಕೆಯಾಗುತ್ತದೆ.

ಸರಸ್ವತಿಪುರದ ಹಿರಿಯರೊಬ್ಬರು ಸಾಕಿರುವ ಹದಿಮೂರು ವರ್ಷದ ಗಂಡು ಬೆಕ್ಕು ಅದು. ಉಗುರುಗಳು ಬಾಗಿ ಬೆಳೆದಿದ್ದವು, ಅಂದರೆ ಅದು ಎಲ್ಲಿಯೂ ಉಗುರು ಮಸೆಯುತ್ತಿರಲಿಲ್ಲ. ಸೊಂಟದ ಮೇಲಿನ ಕೂದಲು ಗಂಟುಗಟ್ಟಿತ್ತು, ಅಂದರೆ ತಿರುಗಿ ನೆಕ್ಕಿಕೊಳ್ಳಲು ಆಗುತ್ತಿರಲಿಲ್ಲ. “ವಯಸ್ಸಾಯ್ತಲ್ಲ ಡಾಕ್ಟ್ರೇ, ಅಡುಗೆ ಕಟ್ಟೆ ಹತ್ತೋದೂ ಬಿಟ್ಟಿದ್ದಾನೆ” ಎಂದರು. ಜನವರಿಯ ಚೀಟಿ ತೆಗೆದು ನೋಡಿದರೆ ನನ್ನದೇ ಕೈಬರಹ: ‘ಚಟುವಟಿಕೆ ಕಡಿಮೆ, ವಯೋಸಹಜ.’

ಕಿವಿ, ಕಣ್ಣು, ಮೂತಿ, ಮೀಸೆ, ತಲೆಯ ನಿಲುವು ಎಂಬ ಐದನ್ನು ನೋಡಿ ಬೆಕ್ಕಿನ ನೋವಿಗೆ ಹತ್ತಕ್ಕೆ ಅಂಕ ಕೊಡುವ, ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಳತೆಗೋಲು ನಮ್ಮ ಗೋಡೆಯ ಮೇಲೆಯೇ ಇದೆ. ಆದರೆ ಅದು ಪೆಟ್ಟು, ಶಸ್ತ್ರಚಿಕಿತ್ಸೆಗಳಂಥ ಹೊಸ ನೋವಿಗೆ ಹೇಳಿದ್ದು. ವರ್ಷಗಟ್ಟಲೆ ಸವೆದ ಕೀಲಿನ ನೋವನ್ನು ಮುಖ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮೇಜಿನ ಮೇಲೆ ಹೆದರಿ ಮುದುರಿ ಕುಳಿತ ಬೆಕ್ಕು ಕುಂಟುವುದೂ ಇಲ್ಲ. ಹಾಗಾಗಿ ಮನೆಯ ಮೆಟ್ಟಿಲಿನ ವಿಡಿಯೋ ಏನಾದರೂ ಇದೆಯೇ ಎಂದು ಕೇಳಿದೆ. ಮೊಮ್ಮಗಳು ತೆಗೆದದ್ದು ಅವರ ಫೋನಿನಲ್ಲಿತ್ತು: ಇಳಿಯುವ ಮೊದಲು ಬೆಕ್ಕು ಪ್ರತಿ ಮೆಟ್ಟಿಲಲ್ಲಿಯೂ ನಿಂತು, ಮುಂಗಾಲನ್ನು ನೀರು ಮುಟ್ಟಿ ನೋಡುವಂತೆ ಊರುತ್ತಿತ್ತು. ಎಕ್ಸ್‌ರೇಯಲ್ಲಿ ಎರಡೂ ಮೊಣಕೈ ಕೀಲುಗಳು ಒರಟಾಗಿದ್ದವು.

“ನನ್ನ ಮಂಡಿನೋವಿನ ಮಾತ್ರೆಯಲ್ಲೇ ಕಾಲು ಭಾಗ ಹಾಕಲೇ?” ಎಂದು ಅವರು ಕೇಳಿದರು. ಆ ಮಾತ್ರೆ ಪ್ಯಾರಾಸಿಟಮಾಲ್. ಬೆಕ್ಕಿನ ಯಕೃತ್ತಿಗೆ ಅದನ್ನು ಅರಗಿಸುವ ಶಕ್ತಿ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಆಮ್ಲಜನಕ ಹೊರುವುದನ್ನು ಬಿಟ್ಟು ಒಸಡು ಕೆಸರಿನ ಬಣ್ಣಕ್ಕೆ ತಿರುಗುತ್ತದೆ, ಒಂದು ಚೂರು ಮಾತ್ರೆಯಿಂದಲೂ ಪ್ರಾಣ ಹೋಗಬಹುದು. ಕೇಳಿದ್ದು ಒಳ್ಳೆಯದಾಯಿತು, ಎಷ್ಟೋ ಜನ ಕೊಟ್ಟ ಮೇಲೆ ಬರುತ್ತಾರೆ. ಮೂತ್ರಪಿಂಡದ ರಕ್ತಪರೀಕ್ಷೆಯ ವರದಿ ಬರುವವರೆಗೆ ಕೀಲುನೋವಿನ ಮದ್ದಾದ ಮೆಲಾಕ್ಸಿಕಾಂ ಬೇಡವೆಂದು ತಡೆದು, ನೋವಿಗೆ ಕೊಡುವ ಇನ್ನೊಂದು ಮದ್ದು ಗ್ಯಾಬಪೆಂಟಿನ್ ಬರೆದುಕೊಟ್ಟೆ. ಕಟ್ಟೆಯ ಪಕ್ಕ ಒಂದು ಮಣೆ, ಮಲವಿಸರ್ಜನೆಗೆ ಅಂಚು ತಗ್ಗಿರುವ ತಟ್ಟೆ, ಹದಿನೈದು ದಿನದ ನಂತರ ಅದೇ ಮೆಟ್ಟಿಲಿನ ಇನ್ನೊಂದು ವಿಡಿಯೋ.

ಮಧ್ಯಾಹ್ನ ಮಂಡ್ಯದ ಕಡೆಯಿಂದ ಬಂದ ನಾಯಿಯ ಕಾಲುಮೂಳೆಗೆ ಶಸ್ತ್ರಚಿಕಿತ್ಸೆ ಮುಗಿಸಿದೆವು. ಸಂಜೆ ಸಹಾಯಕ ಹುಡುಗ, “ಸುಮ್ನೆ ಮಲಗಿದೆ ಸಾರ್, ಆರಾಮಾಗಿದೆ” ಎಂದ. ಗಾಯದಿಂದ ಎರಡಂಗುಲ ದೂರದಲ್ಲಿ ಮೆಲ್ಲನೆ ಒತ್ತಿದಾಗ ನಾಯಿ ಕೂಗಲಿಲ್ಲ. ತಲೆ ತಿರುಗಿಸಿ ನನ್ನ ಕೈಯನ್ನೇ ನೋಡಿತು, ತುಟಿ ನೆಕ್ಕಿಕೊಂಡಿತು. ನಾಯಿಯ ನೋವನ್ನು ಅಳೆಯುವ ಗ್ಲಾಸ್ಗೋ ಪಟ್ಟಿಯಂತೆ 24ಕ್ಕೆ 8 ಬಂತು. 6 ಮುಟ್ಟಿದರೇ ಔಷಧಿ ಹೆಚ್ಚಿಸಬೇಕು. ಚುಚ್ಚುಮದ್ದು ಕೊಟ್ಟು ಗಂಟೆಯ ನಂತರ ಹುಡುಗನಿಂದಲೇ ಅಂಕ ಹಾಕಿಸಿದೆ; ಅವನ ಲೆಕ್ಕದಲ್ಲಿ 3, ನನ್ನದರಲ್ಲಿ 4. ರಾತ್ರಿ ಹತ್ತಕ್ಕೆ ಮತ್ತೊಮ್ಮೆ ಒತ್ತಿ ನೋಡಬೇಕು.