ಎಷ್ಟು ಗಂಟೆಗೆ ಏಳುತ್ತೀರಿ?

ಮೂರೂವರೆಗಲ್ಲ. ನಾಲ್ಕಕ್ಕೂ ಅಲ್ಲ. ಮಕ್ಕಳು ಏಳುವುದಕ್ಕಿಂತ ಸ್ವಲ್ಪ ಮುಂಚೆ, ಅದೂ ಗೊಣಗಿಕೊಂಡು. ಉತ್ತರ ಮುಗಿಯಿತು. ಇಷ್ಟೇ ಬೇಕಿದ್ದವರು ಮುಂದೆ ಓದಬೇಕಾಗಿಲ್ಲ.

ಇಬ್ಬರು ಮಕ್ಕಳು, ಅಡುಗೆ, ಬಟ್ಟೆ, ಪಾತ್ರೆ, ಮಾವನವರ ಮಾತ್ರೆ, ಕಟ್ಟಬೇಕಾದ ಬಿಲ್ಲುಗಳು, ಇವುಗಳ ನಡುವೆ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ ಎಂದು ತಿಳಿದ ತಕ್ಷಣ ಜನ ಕೇಳುವುದು ಇದೊಂದನ್ನೇ. ಮೂರು ಗಂಟೆ ಎಂದುಬಿಟ್ಟರೆ ಅವರಿಗೂ ನೆಮ್ಮದಿ. 'ಅಬ್ಬಾ, ನಮ್ಮ ಕೈಲಾಗದು' ಎಂದು ಮಾತು ಮುಗಿಸಬಹುದು. ನಿಜ ಹೇಳಿದರೆ ಮುಖ ಸಪ್ಪಗಾಗುತ್ತದೆ. ಏನನ್ನೋ ಮುಚ್ಚಿಡುತ್ತಿದ್ದೇನೆ ಎಂಬ ಗುಮಾನಿ ಬೇರೆ. ನನ್ನ ಗಂಡ ಬಡ್ತಿಗಾಗಿ ಪರೀಕ್ಷೆ ಕಟ್ಟಿದ್ದಾಗ, ಇದೇ ಮನೆ, ಇವೇ ಮಕ್ಕಳು, ಅವರು ಎಷ್ಟು ಗಂಟೆಗೆ ಏಳುತ್ತಾರೆಂದು ಒಬ್ಬರೂ ವಿಚಾರಿಸಲಿಲ್ಲ. ಜಗತ್ತಿನಲ್ಲಿ ಸಂಬಳವಿಲ್ಲದ ಆರೈಕೆಯ ಕೆಲಸದ ಶೇ 76.2ರಷ್ಟನ್ನು ಹೆಂಗಸರೇ ಮಾಡುತ್ತಾರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರ ವರದಿಯಲ್ಲಿ ಲೆಕ್ಕ ಕೊಟ್ಟಿತ್ತು. ವರದಿ ಓದದವರಿಗೂ ಈ ಲೆಕ್ಕ ಒಳಗೊಳಗೇ ಗೊತ್ತಿದೆ. ಇಲ್ಲದಿದ್ದರೆ ಪ್ರಶ್ನೆ ನನ್ನ ಗಂಡನನ್ನು ಬಿಟ್ಟು ನನ್ನತ್ತಲೇ ಏಕೆ ಬರುತ್ತಿತ್ತು?

ಮಗಳ ಹಲ್ಲು ತೋರಿಸಲು ಹೋಗಿ ದಂತವೈದ್ಯರ ಕೋಣೆಯ ಹೊರಗೆ ಕುಳಿತಿದ್ದೆ. ತೊಡೆಯ ಮೇಲೆ ಪಠ್ಯಪುಸ್ತಕ, ಅದರ ಮೇಲೆ ನೋಟ್‌ಬುಕ್. ಅರ್ಧಕ್ಕೆ ನಿಂತ ಸಮೀಕರಣದ ಪಕ್ಕದ ಅಂಚಿನಲ್ಲಿ 'ಬಿಳಿ ಸಾಕ್ಸ್, ಮಾವನ ಕನ್ನಡಕದ ಸ್ಕ್ರೂ, ಶುಕ್ರವಾರದೊಳಗೆ ಸಹಿ' ಎಂದು ಬರೆದಿತ್ತು. ಪಕ್ಕದಲ್ಲಿದ್ದ ಮಹಿಳೆ ಅದನ್ನೆಲ್ಲ ಸಾವಕಾಶವಾಗಿ ಓದಿ, ಅದೇ ಪ್ರಶ್ನೆ ಕೇಳಿದರು. ಹೇಳಿದೆ. "ಇಲ್ಲ, ನಿಜ ಹೇಳಿ" ಎಂದರು. ನಿಜವನ್ನೇ ಇನ್ನೊಮ್ಮೆ ಹೇಳಿದೆ. ಅದಕ್ಕೆ ಅವರು ತಮಗೆ ಗೊತ್ತಿರುವ ಯಾರೋ ಮೂರಕ್ಕೇ ಎದ್ದು, ಸ್ನಾನ ಮುಗಿಸಿ, ಓದಿ, ಚಿನ್ನದ ಪದಕ ಪಡೆದ ಕಥೆ ಹೇಳತೊಡಗಿದರು. ಕಥೆ ಮುಗಿಯುವ ಮುನ್ನ ನಮ್ಮ ಸರದಿ ಬಂತು, ಬದುಕಿದೆ.

ತಮಾಷೆ ಏನೆಂದರೆ, ಆ ಪುಟದಲ್ಲಿದ್ದದ್ದು ಒಂದು ಸರದಿ ಸಾಲಿನ ಚಿತ್ರ. ಸಾಲಿನಲ್ಲಿ ಕಾಯುತ್ತಲೇ ಸಾಲಿನ ಗಣಿತ ಓದುತ್ತಿದ್ದವಳನ್ನು, ಅದೇ ಸಾಲಿನಲ್ಲಿ ಕಾಯುತ್ತಿದ್ದವರು 'ಏನು ಓದುತ್ತಿದ್ದೀರಿ?' ಎಂದು ಕೇಳಲಿಲ್ಲ. ಯಾರೂ ಕೇಳುವುದಿಲ್ಲ. ಆದ್ದರಿಂದ ಕೇಳಿದರೆಂದೇ ಇಟ್ಟುಕೊಂಡು ಹೇಳುತ್ತೇನೆ.

ಕ್ಯೂಯಿಂಗ್ ಥಿಯರಿ, ಅಂದರೆ ಸರದಿ ಸಿದ್ಧಾಂತ. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಬರೆದ ಪ್ರಬಂಧದಿಂದ ಇದು ಶುರುವಾಯಿತೆನ್ನುತ್ತಾರೆ. ಕರೆಗಳು ಯಾರ ಅಪ್ಪಣೆಗೂ ಕಾಯದೆ ಬರುತ್ತವೆ, ಅವನ್ನು ಎಷ್ಟು ಮಂದಿ ನಿಭಾಯಿಸಬಲ್ಲರು ಎಂಬ ಚಿಂತೆ ಆತನದು. ಅತಿ ಸರಳವಾದ ಲೆಕ್ಕ ಹೀಗಿದೆ: ಒಂದೇ ಕೌಂಟರ್, ಬರುವವರು ಮನಸ್ಸು ಬಂದಾಗ ಬರುತ್ತಾರೆ, ಒಬ್ಬೊಬ್ಬರ ಕೆಲಸಕ್ಕೆ ಹಿಡಿಯುವ ಹೊತ್ತಿಗೂ ನೇಮವಿಲ್ಲ. ಕೌಂಟರಿನವರಿಗೆ ಅರ್ಧ ಹೊತ್ತು ಮಾತ್ರ ಕೆಲಸವಿದ್ದರೆ ಅಲ್ಲಿ ಸರಾಸರಿ 1 ಗಿರಾಕಿ ಇರುತ್ತಾರೆ. ಶೇ 80ರಷ್ಟು ಹೊತ್ತು ಕೆಲಸವಿದ್ದರೆ 4. ಶೇ 90ಕ್ಕೆ 9. ಶೇ 95ಕ್ಕೆ 19. ಕೆಲಸದ ಪಾಲನ್ನು ಬಿಡುವಿನ ಪಾಲಿನಿಂದ ಭಾಗಿಸಿ, ನೀವೇ ನೋಡಿ. ತೊಂಬತ್ತರಿಂದ ತೊಂಬತ್ತೈದಕ್ಕೆ ಏರಿದ್ದು ಐದೇ, ಸಾಲು ಮಾತ್ರ ಇಮ್ಮಡಿಗಿಂತ ಉದ್ದವಾಯಿತು.

ಇದನ್ನು ಓದಿದ ದಿನ ನನ್ನ ಮೇಲಿನ ಒಂದು ಆರೋಪ ಬಿದ್ದುಹೋದಂತಾಯಿತು. ಮಗುವಿಗೆ ಸಂಜೆ ಸ್ವಲ್ಪ ಮೈ ಬಿಸಿಯಾದರೆ ಇಡೀ ವಾರ ಏಕೆ ಕುಸಿಯುತ್ತದೆ, ಶಿಸ್ತಿಲ್ಲವೇ ನನಗೆ, ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಶಿಸ್ತಲ್ಲ, ಭಾಗಾಕಾರ. ಬೆಳಗ್ಗೆ ಒಂದು ಗಂಟೆ ಮುಂಚೆ ಎದ್ದರೆ ಬಿಡುವು ಹೆಚ್ಚುವುದಿಲ್ಲವೇ ಎನ್ನುತ್ತೀರಾ? ಹೆಚ್ಚುತ್ತದೆ, ಆ ಗಂಟೆ ಖಾಲಿ ಇದೆ ಎಂದು ಮನೆಗೆ ಗೊತ್ತಾಗುವ ತನಕ. ಗೊತ್ತಾಗುವುದಕ್ಕೆ ಒಂದು ವಾರ ಬೇಕಾಗುವುದಿಲ್ಲ.

ಇನ್ನೊಂದು ಫಲಿತಾಂಶ ಇದಕ್ಕಿಂತ ಕ್ರೂರ. ಇರುವ ಕೆಲಸಗಳಲ್ಲಿ ಚಿಕ್ಕದನ್ನು ಮೊದಲು ಮುಗಿಸುತ್ತ ಹೋದರೆ ಕೆಲಸಗಳು ಕಾಯುವ ಸರಾಸರಿ ಹೊತ್ತು ಎಲ್ಲಕ್ಕಿಂತ ಕಡಿಮೆಯಾಗುತ್ತದೆ. ಸ್ಮಿತ್ ಎಂಬಾತ 1956ರಲ್ಲೇ ಸಾಧಿಸಿ ತೋರಿಸಿದ್ದು. ಮನೆವಾರ್ತೆ ನೋಡಿಕೊಳ್ಳುವ ಯಾರಿಗೂ ಇದನ್ನು ಕಲಿಸಬೇಕಾಗಿಲ್ಲ. ಹಾಲು ಉಕ್ಕುವುದನ್ನು ನೋಡಿಕೊಳ್ಳುವುದು, ಗುಂಡಿ ಹೊಲಿಯುವುದು, ಒಂದು ಫೋನ್, ಒಂದು ಸಹಿ, ಎಲ್ಲವೂ 'ಐದೇ ನಿಮಿಷ'. ಆದರೆ ಆ ಪ್ರಮೇಯದಲ್ಲಿ ಕೆಲಸಗಳ ಪಟ್ಟಿ ಮೊದಲೇ ನಿಗದಿಯಾಗಿರುತ್ತದೆ. ಚಿಕ್ಕ ಕೆಲಸಗಳು ಹೊಸದಾಗಿ ಬರುತ್ತಲೇ ಇದ್ದರೆ ದೊಡ್ಡದಕ್ಕೆ ಸರದಿ ಬರುವ ಭರವಸೆಯೇ ಇಲ್ಲ. ನನ್ನ ಪಟ್ಟಿಯಲ್ಲಿ ಆ ದೊಡ್ಡದು ಯಾವಾಗಲೂ ನಾಲ್ಕನೆಯ ಅಧ್ಯಾಯ. ಎರಡು ಗಂಟೆ ಒಂದೇ ಸಮನೆ ಕೇಳುವ ಅಧ್ಯಾಯವನ್ನು ಹತ್ತು ಹತ್ತು ನಿಮಿಷದ ಹನ್ನೆರಡು ತುಂಡುಗಳಲ್ಲಿ ಓದಲು ಬರುವುದಿಲ್ಲ. ಪ್ರತಿ ಸಲವೂ ಮೊದಲ ಮೂರು ನಿಮಿಷ ಎಲ್ಲಿದ್ದೆ ಎಂದು ಹುಡುಕುವುದರಲ್ಲೇ ಹೋಗುತ್ತದೆ.

ಹಾಗಾದರೆ ಹೇಗೆ ಓದುತ್ತೀಯ ಎಂದರೆ, ಕೆಲವನ್ನು ಮಾಡುವುದಿಲ್ಲ. ಇಸ್ತ್ರಿ ಹಾಕುವುದಿಲ್ಲ. ಒಗೆದ ಬಟ್ಟೆ ಮಡಿಸಿದ್ದಕ್ಕಿಂತ ಕುರ್ಚಿಯ ಮೇಲೆ ರಾಶಿ ಬಿದ್ದದ್ದೇ ಹೆಚ್ಚು, ಬಂದವರು ಅದನ್ನು ಸರಿಸಿ ಕುಳಿತುಕೊಳ್ಳುತ್ತಾರೆ. ವಾರದಲ್ಲಿ ಎರಡು ಸಂಜೆ ಬಾಗಿಲು ಹಾಕಿಕೊಂಡು ಕೂರುತ್ತೇನೆ. ರಕ್ತ ಬಂದರೆ ಮಾತ್ರ ತಟ್ಟಬಹುದು. ಮಗ ಒಮ್ಮೆ ಬಂದು "ಸ್ವಲ್ಪವೇ ರಕ್ತ, ಪರವಾಗಿಲ್ಲವಾ?" ಎಂದು ಬಾಗಿಲ ಸಂದಿಯಿಂದ ಕೇಳಿದ್ದ.

ಮತ್ತೆ, ಎರಡು ಕೌಂಟರುಗಳಿದ್ದಾಗ ಎರಡು ಸಾಲಿಗಿಂತ ಒಂದೇ ಸಾಲು ಲೇಸು ಎಂದು ನಮ್ಮ ಪುಸ್ತಕ ಹೇಳುತ್ತದೆ. ಎರಡು ಸಾಲಾದರೆ ಒಬ್ಬರು ಖಾಲಿ ಕುಳಿತಿರುವಾಗಲೇ ಇನ್ನೊಬ್ಬರ ಎದುರು ಜನ ಕಾಯುತ್ತಿರುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಸಾಲು ಪೂರ್ತಿ ನನ್ನ ತಲೆಯೊಳಗಿತ್ತು, ಎರಡನೆಯ ಕೌಂಟರಿನವರು 'ಹೇಳಿದರೆ ಮಾಡುತ್ತೇನೆ' ಎಂದು ಕಾಯುತ್ತಿದ್ದರು. ಈಗ ಕಪಾಟಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಯಾರಿಗೆ ಬಿಡುವೋ ಅವರು ಮೇಲಿನದನ್ನು ಎತ್ತಿಕೊಳ್ಳಬೇಕು, ಕೆಳಗಿನಿಂದ ಸುಲಭದ್ದನ್ನು ಹೆಕ್ಕುವಂತಿಲ್ಲ. ಆ ಎರಡನೆಯ ನಿಯಮಕ್ಕೆ ನನ್ನ ಗಂಡನ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಸ್ಮಿತ್‌ನ ಹೆಸರು ಹೇಳಿ ವಾದಿಸುತ್ತಾರೆ. ನಾನೇ ಹೇಳಿಕೊಟ್ಟದ್ದು.