ಬ್ರಾಂಪ್ಟನ್ ಹಿತ್ತಲಿನ ಏರುಮಡಿಗೆ ಮಂಡ್ಯದ ಹದ

ಕೆನಡಾದ ಒಂಟಾರಿಯೋ ಪ್ರಾಂತ್ಯದ ಬ್ರಾಂಪ್ಟನ್‌ನಲ್ಲಿ ಮನೆ ಕೊಂಡಾಗ ಹಿತ್ತಲಿನ ಬೇಲಿಗೆ ಒತ್ತಿಕೊಂಡಂತೆ ನಾಲ್ಕು ಏರುಮಡಿಗಳು ಸಿಕ್ಕವು. ಏರುಮಡಿ ಅಂದರೆ ಸುತ್ತ ಹಲಗೆ ನಿಲ್ಲಿಸಿ, ಒಳಗೆ ಮಣ್ಣು ತುಂಬಿ, ನೆಲಕ್ಕಿಂತ ಎತ್ತರಿಸಿದ ಮಡಿ. ಹಿಂದಿನ ಮನೆಯವರಿಗೆ ವಯಸ್ಸಾಗಿ ಕೈ ಬಿಟ್ಟಿದ್ದರು. ಮಣ್ಣು ಅರ್ಧಕ್ಕೆ ಇಳಿದಿತ್ತು. ಹಲಗೆ ಹೊರಕ್ಕೆ ಬಾಗಿತ್ತು. ಕಳೆ ಸೊಂಟದುದ್ದ. ನೋಡಿದವರೆಲ್ಲ "ಕಿತ್ತು ಎಸೆದು ಹೊಸ ಮಣ್ಣು ತರಿಸಿ" ಎಂದರು. ನಾನು ಎಸೆಯಲಿಲ್ಲ. ಮೈಸೂರಿನ ಕುವೆಂಪುನಗರದಲ್ಲಿ ಅಕ್ಕನ ಮನೆ ಹಿಂದೆಯೂ ಇಟ್ಟಿಗೆ ಕಟ್ಟಿದ ಮಡಿಗಳು ಹೀಗೇ ಬಿದ್ದಿವೆ. ಅವಳಿಗೂ ನಿಮಗೂ ಸೇರಿಸಿಯೇ ಬರೆಯುತ್ತಿದ್ದೇನೆ.

ಇಲ್ಲಿ ಏರುಮಡಿ ಯಾಕೆ ಬೇಕು ಅಂದರೆ, ಹಿಮ ಕರಗಿದ ಮೇಲೆ ನೆಲ ತುಂಬಾ ದಿನ ತಣ್ಣಗೆ, ಒದ್ದೆಯಾಗಿಯೇ ಇರುತ್ತದೆ. ಎತ್ತರದ ಮಡಿಯಲ್ಲಿ ನೀರು ಬೇಗ ಬಸಿಯುತ್ತದೆ, ಮಣ್ಣು ಬೇಗ ಬೆಚ್ಚಗಾಗುತ್ತದೆ. ಚಳಿ ತಡೆಯದ ಸಸಿಗಳನ್ನು ವಿಕ್ಟೋರಿಯಾ ಡೇ ಹೊತ್ತಿಗೆ ನೆಡುವುದು ಇಲ್ಲಿನವರ ರೂಢಿ. ಅದು ಮೇ 25ಕ್ಕೆ ಮುಂಚಿನ ಸೋಮವಾರ ಬರುವ ಇಲ್ಲಿನ ರಜಾದಿನ. ನಮ್ಮಲ್ಲಿ ಮುಂಗಾರಿಗೆ ಕಾಯುವ ಹೊತ್ತು, ಅಲ್ವಾ?

ಮೊದಲು ಹಲಗೆ ನೋಡಿದೆವು. 2003ರ ಕೊನೆಯವರೆಗೆ ಇಲ್ಲಿ ಮನೆ ಬಳಕೆಯ ಮರ ಹುಳ ಹಿಡಿಯದಿರಲಿ ಎಂದು ಆರ್ಸೆನಿಕ್ ಇರುವ ಔಷಧ ಹಾಕುತ್ತಿದ್ದರು. ಅಂಥ ಹಳೇ ಮರದ ಮಡಿಯಲ್ಲಿ ಸೊಪ್ಪು ಬೆಳೆದು ತಿನ್ನುವುದು ಬೇಡ. ಹಳೇ ರೈಲ್ವೆ ಸ್ಲೀಪರ್‌ಗಳೂ ಬೇಡ, ಅವಕ್ಕೆ ಕ್ರಿಯೋಸೋಟ್ ಎಂಬ ವಿಷದ ಎಣ್ಣೆ ಕುಡಿಸಿರುತ್ತಾರೆ. ನಮ್ಮದು ಬರೀ ಸೀಡರ್ ಮರ. ಒದ್ದೆ ಮಣ್ಣು ಹೆಪ್ಪುಗಟ್ಟಿ ಉಬ್ಬಿ ಮೂಲೆಗಳನ್ನು ತಳ್ಳಿತ್ತು, ಅಷ್ಟೇ. ಕೊಳೆತ ಹಲಗೆ ಬದಲಾಯಿಸಿ, ಮೂಲೆಗೆ ಕಬ್ಬಿಣದ ಪಟ್ಟಿ ಹೊಡೆದೆವು.

ಆಮೇಲೆ ಕಳೆ. ಒಂಟಾರಿಯೋದಲ್ಲಿ ಮನೆ ಅಂಗಳದ ಅಂದಕ್ಕೆಂದು ಕಳೆನಾಶಕ ಹೊಡೆಯುವುದನ್ನು 2009ರಲ್ಲೇ ನಿಷೇಧಿಸಿದ್ದಾರೆ. ಒಳ್ಳೆಯ ಕೆಲಸ ಮಾಡಿದ್ದಾರೆ. ಹಾಗಾಗಿ ಕೈಕೆಲಸವೇ ದಾರಿ. ಇಲ್ಲಿನ ಕ್ವ್ಯಾಕ್ ಗ್ರಾಸ್ ಎಂಬ ಹುಲ್ಲು ನಮ್ಮ ಗರಿಕೆಯ ಹಾಗೆಯೇ ಮಣ್ಣೊಳಗೆ ಹರಿದಾಡುತ್ತದೆ. ಗುದ್ದಲಿಯಿಂದ ಕೊಚ್ಚಿದರೆ ಒಂದೊಂದು ತುಂಡೂ ಚಿಗುರುತ್ತದೆ. ಮುಳ್ಳುಗುದ್ದಲಿಯಿಂದ ಮಣ್ಣು ಸಡಿಲಿಸಿ, ಬಿಳೀ ಬೇರನ್ನು ಉದ್ದಕ್ಕೆ ಎಳೆದು ತೆಗೆಯಬೇಕು. ಬೇಸರದ ಕೆಲಸ, ನಿಜ. ಆದರೆ ಇಲ್ಲಿ ಅವಸರ ಮಾಡಿದರೆ ವರ್ಷವಿಡೀ ಕಳೆ ಕೀಳುತ್ತಲೇ ಇರಬೇಕಾಗುತ್ತದೆ.

ಇಷ್ಟರಲ್ಲಿ ಅಪ್ಪ ವಿಡಿಯೋ ಕಾಲ್‌ಗೆ ಬಂದರು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಹತ್ತಿರದ ಊರು ನಮ್ಮದು. ನಾಲೆ ನೀರಲ್ಲಿ ಭತ್ತ, ಕಬ್ಬು ಬೆಳೆದವರು ಅವರು. ಗೊಬ್ಬರದ ಚೀಲ ತೋರಿಸಿದರೆ ಅದರ ಕಡೆ ನೋಡಲೇ ಇಲ್ಲ. "ಮೊದಲು ಹದ ಬಂದೈತಾ ನೋಡವ್ವ. ಒಂದು ಹಿಡಿ ಮಣ್ಣು ತಗೊಂಡು ಉಂಡೆ ಕಟ್ಟು" ಎಂದರು. ಉಂಡೆ ಕಟ್ಟಿ ಬೆರಳಿಂದ ಒತ್ತಿದೆ. ಅಂಟಿಕೊಂಡು ಹಾಗೇ ಉಳಿಯಿತು. "ಇನ್ನೂ ನೀರೈತೆ. ಈಗ ಅಗೆದ್ರೆ ಹೆಂಟೆ ಆಗ್ತದೆ, ಬುಟ್ಬುಡು" ಎಂದರು. ಇಲ್ಲಿನ ಜೇಡಿಮಣ್ಣಿಗೂ ಆ ಮಾತು ಅಕ್ಷರಶಃ ಸರಿ. ಒದ್ದೆಯಲ್ಲಿ ಕೆದಕಿದರೆ ಮಣ್ಣಿನೊಳಗಿನ ಗಾಳಿಯ ಸಂದು ಮುಚ್ಚಿಹೋಗುತ್ತದೆ, ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಒತ್ತಿದರೆ ಉಂಡೆ ಪುಡಿಯಾಗುವವರೆಗೆ ಕಾದೆವು.

ನನಗೆ ಇದರಲ್ಲಿ ಒಂದು ಹೆಮ್ಮೆ ಇದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣದ ದಾರಿ ತೋರಿಸಿ, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಇದೇ ಒಂಟಾರಿಯೋದವರು. 1933ರ ಮಂಡ್ಯದ ಸಕ್ಕರೆ ಕಂಪನಿಯ ಹಿಂದೆಯೂ ಅವರ ದುಡಿಮೆ ಇತ್ತು. ಅವರ ಸೀಮೆಯ ಮಣ್ಣಿನಲ್ಲಿ ನಮ್ಮಪ್ಪನ ಬುದ್ಧಿ ಕೆಲಸಕ್ಕೆ ಬಂತು.

ಇನ್ನು ಮಣ್ಣು ಎಲ್ಲಿ ಹೋಯಿತು ಅನ್ನುವ ಪ್ರಶ್ನೆ. ಮಡಿಯಲ್ಲಿ ಹಾಕಿದ ಎಲೆ, ಗೊಬ್ಬರ ಕೊಳೆತು ಕರಗುತ್ತದೆ. ವರ್ಷ ವರ್ಷ ಮೇಲೆ ಹಾಕದಿದ್ದರೆ ಮಡಿ ಇಳಿಯಲೇಬೇಕು. ಉಳಿದ ಮಣ್ಣು ಸತ್ತಿಲ್ಲ, ಹಸಿದಿದೆ. ಅರ್ಧ ಇಳಿದಿದ್ದರೆ ಬರೀ ಗೊಬ್ಬರ ತುಂಬಬೇಡಿ, ಅದು ಮತ್ತೆ ಇಳಿಯುತ್ತದೆ. ಮೇಲ್ಮಣ್ಣನ್ನೂ ಬೆರೆಸಿ. ನಂತರ ಪ್ರತಿ ವರ್ಷ ಎರಡು ಮೂರು ಇಂಚು ಗೊಬ್ಬರ ಮೇಲೆ ಹರಡಿದರೆ ಸಾಕು, ಎರೆಹುಳು ಅದನ್ನು ಕೆಳಗೆ ಎಳೆದುಕೊಳ್ಳುತ್ತವೆ. ಇಲ್ಲಿ ಒಂದು ಎಚ್ಚರ ಮಾತ್ರ ಬೇಕು. ಹುಲ್ಲುಗಾವಲಿಗೆ ಹೊಡೆಯುವ ಕೆಲವು ಕಳೆನಾಶಕಗಳು ದನ, ಕುದುರೆಯ ಹೊಟ್ಟೆ ದಾಟಿ ಗೊಬ್ಬರದಲ್ಲೂ ಉಳಿಯುತ್ತವೆ. ಅದಕ್ಕೇ ಕುಂಡದಲ್ಲಿ ಆ ಗೊಬ್ಬರ ಹಾಕಿ ಬೀನ್ಸ್ ಬೀಜ ಊರಿ ನೋಡುತ್ತೇವೆ. ಎಲೆ ಸುರುಟಿ ಬಂದರೆ ಆ ಗೊಬ್ಬರ ಬೇಡ.

ಈಗ ಮೆಂತ್ಯ, ದಂಟು, ಬೀನ್ಸ್, ಟೊಮೆಟೊ ಚೆನ್ನಾಗಿ ಬರುತ್ತಿವೆ. ನಾಟಿ ಅವರೆ ಮಾತ್ರ ಆಗುವುದಿಲ್ಲ. ಹಗಲು ಚಿಕ್ಕದಾದಾಗಲೇ ಅದು ಹೂ ಬಿಡುವುದು, ಅಷ್ಟರಲ್ಲಿ ಇಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಹಗಲಿನ ಉದ್ದ ನೋಡದೆ ಹೂ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮಾಡಿದೆ. ಆದರೆ ನಾಟಿ ಅವರೆಯ ಸೊಗಡು ಬೇಕೆಂದರೆ ಊರಿಗೇ ಬರಬೇಕು.

ಅಕ್ಕ, ನಿನ್ನ ಮಡಿಗಳಿಗೆ ಇನ್ನೂ ಸುಲಭ. ಟ್ರ್ಯಾಕ್ಟರ್‌ನಲ್ಲಿ ಕೆಂಪು ಮಣ್ಣು ತರಿಸಬೇಡ. ಪಾರ್ಥೇನಿಯಂ ಹೂ ಬಿಡುವ ಮುಂಚೆ ಕೈಗೆ ಗವಸು ಹಾಕಿಕೊಂಡು ಕೀಳು. ಜೇಕಿನ ಗಡ್ಡೆಗಳನ್ನು ಆರಿಸು. ಕೆಳಗಿನ ನೀರು ಬಸಿಯುವ ತೂತು ಮುಚ್ಚಿದೆಯಾ ನೋಡು. ಇಲ್ಲಿ ಕಳೆ ತಡೆಯಲು ರಟ್ಟು ಹಾಸುತ್ತಾರೆ. ನಮ್ಮ ಕಡೆ ಅದಕ್ಕೆ ಗೆದ್ದಲು ಬರುತ್ತದೆ, ಬೇಡ. ಜೂನ್ ಮಳೆಗೆ ಹಸಿರೆಲೆ ಗೊಬ್ಬರದ ಗಿಡವಾದ ಅಪ್ಸೆಣಬಿನ ಬೀಜ ಚೆಲ್ಲು. ಹೂ ಬರುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಕೊಯ್ದು ಮಣ್ಣಿಗೆ ಸೇರಿಸು. ಎರಡು ವಾರ ಕೊಳೆಯಲು ಬಿಡು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ, ಆಗಸ್ಟ್ ಕೊನೆಗೆ ಬದನೆ ಸಸಿ ಹಾಕು. ಅಪ್ಸೆಣಬಿನ ಬೀಜ ತರಲು ಭಾವನಿಗೆ ಈ ವಾರವೇ ಹೇಳು.