ಜಾಗ ಹೇಳುವುದು ಆಕಾಶ, ರಸ್ತೆ ಹೇಳುವುದು ನಕ್ಷೆ

ನನ್ನ ಕಾರಿನ ಮುಂಗಾಜಿಗೆ ಐದು ಇಂಚಿನ ಪರದೆಯ ಒಂದು ಜಿಪಿಎಸ್ ನ್ಯಾವಿಗೇಟರ್ ಅಂಟಿಕೊಂಡು ಹತ್ತು ವರ್ಷ ದಾಟಿದೆ. ಫೋನಿನಲ್ಲೇ ದಾರಿ ಕಾಣುವಾಗ ಇದಕ್ಕೊಂದು ಬೇರೆ ಪೆಟ್ಟಿಗೆ ಏಕೆ ಎಂದು ಪಕ್ಕದಲ್ಲಿ ಕುಳಿತವರು ಕೇಳುವುದುಂಟು. ನಡುದಾರಿಯಲ್ಲಿ ಕರೆ ಬಂದು ಪರದೆ ಮುಚ್ಚಿಹೋಗುವುದಿಲ್ಲ, ನೆಟ್‌ವರ್ಕ್ ಸಿಗದ ಕಡೆಯಲ್ಲೂ ನಕ್ಷೆ ಬರಿದಾಗುವುದಿಲ್ಲ, ಏಕೆಂದರೆ ಇಡೀ ನಕ್ಷೆ ಅದರ ಹೊಟ್ಟೆಯಲ್ಲೇ ಇದೆ ಎಂದು ನಾನು ಉತ್ತರಿಸುತ್ತೇನೆ. ಆದರೆ ಅದರೊಡನೆ ಹೊಂದಿಕೊಳ್ಳಲು ನನಗೆ ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು ಎಂಬುದನ್ನೂ ಹೇಳಬೇಕು.

ಕಣ್ಣು ತೆರೆಸಿದ್ದು ಒಂದು ಹೊಸ ಸೇತುವೆ. ಹೊಳೆಯ ಮೇಲೆ ಹೊಸದಾಗಿ ಕಟ್ಟಿದ್ದ ಆ ಸೇತುವೆ ನನ್ನ ನಕ್ಷೆಯಲ್ಲಿ ಇರಲಿಲ್ಲ. ನಾನು ಸೇತುವೆ ಏರುತ್ತಿದ್ದಂತೆ ಪರದೆಯ ಮೇಲಿನ ಬಾಣ ರಸ್ತೆಯ ಗೆರೆಯಿಂದ ಬಿಡಿಸಿಕೊಂಡು ನೀಲಿ ನೀರಿನ ಮೇಲೆ ತೇಲತೊಡಗಿತು. ಸಾಧ್ಯವಾದ ಕಡೆ ಹಿಂದಕ್ಕೆ ತಿರುಗಿ ಎಂದು ಧ್ವನಿ ಮತ್ತೆ ಮತ್ತೆ ಹೇಳಿತು. ಯಂತ್ರ ಕೆಟ್ಟಿತೆಂದುಕೊಂಡು ಆಚೆ ದಡದಲ್ಲಿ ಕಾರು ನಿಲ್ಲಿಸಿ ನೋಡಿದರೆ, ಅಕ್ಷಾಂಶ ರೇಖಾಂಶಗಳ ಅಂಕಿಗಳು ಅಲುಗಾಡದೆ ನಿಂತಿದ್ದವು, ಮತ್ತು ಅವು ಸರಿಯಾಗಿದ್ದವು. ನಾನು ಭೂಮಿಯ ಮೇಲೆ ಎಲ್ಲಿದ್ದೇನೆ ಎಂಬುದರಲ್ಲಿ ಅದು ಒಂದಿಷ್ಟೂ ತಪ್ಪಿರಲಿಲ್ಲ. ಅಲ್ಲಿ ರಸ್ತೆಯೊಂದು ಇದೆ ಎಂಬುದಷ್ಟೇ ಅದಕ್ಕೆ ತಿಳಿದಿರಲಿಲ್ಲ. ಜಾಗವನ್ನು ಅದು ಆಕಾಶದಿಂದ ಈ ಗಳಿಗೆಯಲ್ಲಿ ತಿಳಿಯುತ್ತದೆ, ರಸ್ತೆಯನ್ನು ಎಂದೋ ತುಂಬಿಸಿಟ್ಟ ನೆನಪಿನಿಂದ ಹೇಳುತ್ತದೆ. ಅಂದಿನಿಂದ ಅದು ಆಡುವ ಪ್ರತಿ ಮಾತನ್ನೂ ಇದು ಯಾವ ಕಡೆಯ ಮಾತು ಎಂದು ವಿಂಗಡಿಸಿ ಕೇಳುವುದು ನನಗೆ ರೂಢಿಯಾಯಿತು.

ಆಕಾಶದ ಕಡೆಯ ಮಾತನ್ನು ನಾನು ಬಹುಮಟ್ಟಿಗೆ ನಂಬುತ್ತೇನೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಪರಮಾಣು ಗಡಿಯಾರಗಳ ಸಮಯವನ್ನು ಬಿಡದೆ ಬಿತ್ತರಿಸುತ್ತವೆ. ಆ ಸಂಕೇತ ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಪೆಟ್ಟಿಗೆ ದೂರವನ್ನು ಲೆಕ್ಕ ಹಾಕುತ್ತದೆ. ಅದರೊಳಗಿನ ಗಡಿಯಾರ ಸಾಧಾರಣದ್ದಾದ್ದರಿಂದ ಆ ಗಡಿಯಾರದ ತಪ್ಪನ್ನೂ ಲೆಕ್ಕದಲ್ಲೇ ಬಿಡಿಸಬೇಕಾಗುತ್ತದೆ, ಆದ್ದರಿಂದಲೇ ಮೂರಲ್ಲ, ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ವೇಗವೂ ಗುರುತ್ವವೂ ಸಮಯದ ಓಟವನ್ನೇ ಬದಲಿಸುತ್ತವೆ ಎನ್ನುವ ಸಾಪೇಕ್ಷತೆಯ ಪರಿಣಾಮದಿಂದ ಮೇಲಿನ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಅದನ್ನು ಸರಿಪಡಿಸದೆ ಬಿಟ್ಟರೆ ದಿನವೊಂದಕ್ಕೆ ಹತ್ತು ಕಿಲೋಮೀಟರಿನಷ್ಟು ದೂರದ ತಪ್ಪು ಕೂಡಿಕೊಳ್ಳುತ್ತಿತ್ತು. ಇಷ್ಟು ಸೂಕ್ಷ್ಮವಾದ ಲೆಕ್ಕ ಅಂಗೈಯಗಲದ ಪೆಟ್ಟಿಗೆಯೊಂದರಲ್ಲಿ ನಡೆಯುತ್ತದೆ ಎಂಬುದು ಇಷ್ಟು ವರ್ಷಗಳಾದರೂ ನನಗೆ ಬೆರಗಿನ ಸಂಗತಿ. ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿದ್ದುದನ್ನು ಜಿಪಿಎಸ್ ನಡೆಸುವ ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರಿನಷ್ಟು ಆಚೀಚೆಯಾಗುತ್ತಿದ್ದ ಉಪಕರಣದಿಂದ ಮುಂದಿನ ತಿರುವು ಯಾವುದೆಂದು ಕೇಳುವಂತೆಯೇ ಇರಲಿಲ್ಲ. ವೇಗವೂ ಆಕಾಶದ ಕಡೆಯ ಮಾತೇ. ಕಾರಿನ ವೇಗಮಾಪಕ ನಿಜಕ್ಕಿಂತ ಕಡಿಮೆ ತೋರಿಸಬಾರದೆಂದು ತುಸು ಹೆಚ್ಚೇ ತೋರಿಸುವಂತೆ ಮಾಡಿರುತ್ತಾರೆ, ಆದ್ದರಿಂದ ಸಮನಾದ ವೇಗದಲ್ಲಿ ಸಾಗುವಾಗ ನಾನು ನೆಚ್ಚುವುದು ನ್ಯಾವಿಗೇಟರಿನ ಅಂಕಿಯನ್ನು.

ಈ ನಂಬಿಕೆಗೂ ಮಿತಿಯಿದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ಬಾಣ ಪಕ್ಕದ ಬೀದಿಗೆ ಜಿಗಿಯುತ್ತದೆ. ಮೇಲ್ಸೇತುವೆಯೂ ಅದರ ಕೆಳಗಿನ ಸರ್ವಿಸ್ ರಸ್ತೆಯೂ ಒಂದರ ಮೇಲೊಂದು ಸಾಗುವ ಕಡೆ ತೊಂದರೆ ಬೇರೆಯದು: ಕೆಲವು ಮೀಟರುಗಳ ಅಂತರದಲ್ಲಿ ಎರಡು ರಸ್ತೆಗಳಿರುವಾಗ ಪೆಟ್ಟಿಗೆ ತನಗೆ ಸರಿಕಂಡ ಒಂದು ಗೆರೆಗೆ ಬಾಣವನ್ನು ಕೂರಿಸಿಬಿಡುತ್ತದೆ. ಒಮ್ಮೆ ನಾನು ಕೆಳಗಿದ್ದೆ, ಅದು ನನ್ನನ್ನು ಮೇಲಿದ್ದೇನೆಂದು ತಿಳಿದಿತ್ತು. ನಾನು ತಿರುಗಬೇಕಿದ್ದ ಅಡ್ಡರಸ್ತೆ ಕಣ್ಣೆದುರೇ ಹಾದುಹೋದರೂ ಅದು ನೇರ ಹೋಗಿ ಎಂದೇ ಹೇಳುತ್ತಿತ್ತು. ಅಂಥ ಕಡೆ ಈಗ ನಾನು ಕಿವಿಯನ್ನು ಬಿಟ್ಟು ರಸ್ತೆಯ ಫಲಕಗಳನ್ನು ಓದುತ್ತೇನೆ.

ತಲುಪುವ ಹೊತ್ತು ಮಾತ್ರ ಎರಡೂ ಕಡೆಗೆ ಸೇರದ ಮಾತು. ಈ ಬಗೆಯ ರಸ್ತೆಯಲ್ಲಿ ಇಷ್ಟು ವೇಗ ಎಂಬ ಊಹೆಯ ಮೇಲೆ ನಿಂತ ಲೆಕ್ಕ ಅದು, ಹೊರಡುವಾಗ ತೋರಿಸಿದ್ದನ್ನು ಮನೆಯವರಿಗೆ ಹೇಳುವುದನ್ನು ನಾನು ಬಿಟ್ಟಿದ್ದೇನೆ.

ಪೆಟ್ಟಿಗೆಗೆ ಬೇಕಾದ ಆರೈಕೆ ಹೆಚ್ಚಿನದೇನಲ್ಲ. ಗಾಜಿಗೆ ಒತ್ತುವ ರಬ್ಬರ್ ಬಟ್ಟಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹಚ್ಚಿದರೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಧೂಳಿದ್ದರೆ ಬಿಸಿಲೇರಿದ ಹೊತ್ತಿಗೆ ಕಳಚಿ ಬೀಳುತ್ತದೆ. ನೋಟಕ್ಕೆ ಅಡ್ಡವಾಗದಂತೆ ಗಾಜಿನ ಕೆಳಮೂಲೆಯಲ್ಲಿಡಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಟ್ಟರೆ ಬ್ಯಾಟರಿ ಬೇಗ ಸೋಲುತ್ತದೆ, ಆದ್ದರಿಂದ ತೆಗೆದು ಒಯ್ಯುತ್ತೇನೆ. ಗಾಜಿನ ಮೇಲೆ ಉಳಿದ ದುಂಡು ಗುರುತನ್ನೂ ಒರೆಸುತ್ತೇನೆ, ಏಕೆಂದರೆ ಒಳಗೆಲ್ಲೋ ನ್ಯಾವಿಗೇಟರ್ ಇದೆ ಎಂದು ಕಳ್ಳನಿಗೆ ತಿಳಿಸುವುದು ಆ ಗುರುತೇ. ಇನ್ನು ನಕ್ಷೆಯ ವಿಷಯ. ಕೊಂಡಾಗ ಜೀವಮಾನದ ನಕ್ಷೆ ಎಂದು ಡಬ್ಬಿಯ ಮೇಲೆ ಬರೆದಿತ್ತು, ಅದು ನನ್ನ ಜೀವಮಾನವಲ್ಲ, ತಯಾರಕರು ಆ ಮಾದರಿಗೆ ಬೆಂಬಲ ಕೊಡುವಷ್ಟು ಕಾಲ ಎಂಬುದು ಆಮೇಲೆ ತಿಳಿಯಿತು. ಈ ಮಾತನ್ನು ಡಬ್ಬಿಯ ಮೇಲೆಯೇ ಅಷ್ಟೇ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕಿತ್ತು ಎಂದು ನಾನು ಇಂದಿಗೂ ಹೇಳುತ್ತೇನೆ. ಅಪ್‌ಡೇಟ್ ಬರುವಷ್ಟು ದಿನ ದೂರದ ಪ್ರಯಾಣಕ್ಕೆ ಮುಂಚೆ, ಹಿಂದಿನ ರಾತ್ರಿಯೇ, ಕಂಪ್ಯೂಟರಿಗೆ ಜೋಡಿಸಿ ಹಾಕಿಕೊಳ್ಳುತ್ತೇನೆ.

ಹೊರಡುವ ಬೆಳಿಗ್ಗೆ ಇನ್ನೊಂದು ಕ್ರಮವಿದೆ. ತಿಂಗಳುಗಟ್ಟಲೆ ಮುಟ್ಟದೆ ಇಟ್ಟಿದ್ದ ಪೆಟ್ಟಿಗೆಗೆ ಉಪಗ್ರಹಗಳು ಎಲ್ಲಿವೆ ಎಂಬುದೇ ಮರೆತಿರುತ್ತದೆ. ಪ್ರತಿ ಉಪಗ್ರಹವೂ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ 50 ಬಿಟ್‌ಗಳ ನಿಧಾನಗತಿಯಲ್ಲಿ, 30 ಸೆಕೆಂಡಿಗೊಮ್ಮೆ ಕಳುಹಿಸುತ್ತದೆ. ಅವಸರಪಟ್ಟು ಕಾರು ಹೊರಡಿಸಿದರೆ ಮರಗಳ ಕೆಳಗೆ ಆ ವಿವರ ನಡುವೆಯೇ ತುಂಡಾಗಿ, ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ. ಆದ್ದರಿಂದ ಬಯಲಲ್ಲಿ ಕಾರು ನಿಲ್ಲಿಸಿ, ಮೊದಲು ಚಾರ್ಜರ್ ಸಿಕ್ಕಿಸಿ, ಉಪಗ್ರಹಗಳ ಪುಟ ತೆರೆದಿಟ್ಟು, ಆಮೇಲೆ ಕನ್ನಡಿ, ಸೀಟು, ಬೆಲ್ಟುಗಳನ್ನು ಸರಿಮಾಡಿಕೊಳ್ಳುತ್ತೇನೆ. ಪುಟದಲ್ಲಿ ಉಪಗ್ರಹಕ್ಕೊಂದರಂತೆ ಖಾಲಿಯಿದ್ದ ಕಂಬಗಳು ಸಂಕೇತ ಸಿಕ್ಕಂತೆ ಒಂದೊಂದಾಗಿ ತುಂಬುತ್ತವೆ. ನಾಲ್ಕನೆಯದು ತುಂಬಿದರೂ ಹೊರಡದೆ, ಏಳೆಂಟು ಆಗುವವರೆಗೆ ಕಾಯುತ್ತೇನೆ.